ಹಿತ್ತಲಿಗೆ ಬರುವ ಹಕ್ಕಿ: ನೋಡುವ ಕಣ್ಣು, ತೆಗೆಯುವ ಚಿತ್ರ, ಕಾಯಬೇಕಾದ ದೂರ

ಕೆಲವು ವರ್ಷಗಳ ಹಿಂದಿನ ಮಾತು. ಮಾರ್ಚ್ ತಿಂಗಳ ಮೊದಲ ವಾರ. ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ದಾಸವಾಳದ ಗಿಡದಲ್ಲಿ ಕೆಮ್ಮೀಸೆ ಪಿಕಳಾರದ ಜೋಡಿಯೊಂದು ಗೂಡು ಕಟ್ಟಿತ್ತು. ನೆಲದಿಂದ ಎದೆಯೆತ್ತರದಲ್ಲಿ, ಕವಲೊಡೆದ ರೆಂಬೆಯ ನಡುವೆ ಬಟ್ಟಲಿನಂಥ ಪುಟ್ಟ ಗೂಡು. ಅದರೊಳಗೆ ತಿಳಿಗುಲಾಬಿ ಬಣ್ಣದ ಮೇಲೆ ಕೆಂಪು ಚುಕ್ಕೆಗಳನ್ನು ಚಿಮುಕಿಸಿದಂಥ ಮೂರು ಮೊಟ್ಟೆಗಳು. ನನಗೋ ಹೊಸದಾಗಿ ಕ್ಯಾಮೆರಾ ಕೊಂಡ ಉತ್ಸಾಹ. ಎಲೆಗಳು ಅಡ್ಡ ಬರುತ್ತವೆಂದು ಎರಡು ರೆಂಬೆಗಳನ್ನು ದಾರದಿಂದ ಹಿಂದಕ್ಕೆ ಎಳೆದು ಕಟ್ಟಿದೆ. ದಿನಕ್ಕೆ ನಾಲ್ಕೈದು ಬಾರಿ ಹೋಗಿ ಚಿತ್ರ ತೆಗೆದೆ. ತಾಯಿಹಕ್ಕಿ ಪ್ರತಿಬಾರಿಯೂ ಹಾರಿಹೋಗಿ ತಂತಿಯ ಮೇಲೆ ಕುಳಿತು ಕೂಗುತ್ತಿತ್ತು. ಅದು ನನಗೆ ಹಾಡಿನಂತೆ ಕೇಳಿಸಿತ್ತು.

ಮೂರನೆಯ ದಿನ ಬೆಳಿಗ್ಗೆ ನೋಡುವಾಗ ಗೂಡು ಓರೆಯಾಗಿತ್ತು. ಮೊಟ್ಟೆಗಳಿರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಸಿಪ್ಪೆಯ ಎರಡು ಚೂರುಗಳು ಬಿದ್ದಿದ್ದವು. ಕಾಂಪೌಂಡಿನ ಮೇಲೆ ಕಾಗೆಯೊಂದು ಕೊಕ್ಕನ್ನು ಗೋಡೆಗೆ ಉಜ್ಜಿಕೊಳ್ಳುತ್ತಿತ್ತು. ಗೂಡಿನ ಬಾಗಿಲು ತೆರೆದುಕೊಟ್ಟವನು ನಾನೇ ಎಂಬುದು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಂದು ತೆಗೆದ ಚಿತ್ರಗಳು ಇಂದಿಗೂ ನನ್ನ ಬಳಿ ಇವೆ. ಚೆನ್ನಾಗಿಯೇ ಬಂದಿವೆ. ಯಾರಿಗೂ ತೋರಿಸುವುದಿಲ್ಲ.

ಹಕ್ಕಿಗಳ ಚಿತ್ರ ತೆಗೆಯುವ ಹವ್ಯಾಸ ಇಂದು ನಮ್ಮ ನಗರಗಳಲ್ಲಿ ಮನೆಮನೆಯ ಮಾತಾಗಿದೆ. ಕಾಡಿಗೆ ಹೋಗುವ ಅವಕಾಶ ಎಲ್ಲರಿಗೂ ಇರುವುದಿಲ್ಲ. ಆದರೆ ನಾಲ್ಕು ಗಿಡಗಳಿರುವ ಅಂಗಳ, ಹಿತ್ತಲು, ಕೊನೆಗೆ ತಾರಸಿಯ ಮೇಲಿನ ಹತ್ತು ಕುಂಡಗಳಾದರೂ ಸಾಕು, ಹಕ್ಕಿಗಳು ತಾವಾಗಿ ಬರುತ್ತವೆ. ಅವುಗಳನ್ನು ನೋಡುವುದು ಹೇಗೆ, ಗುರುತಿಸುವುದು ಹೇಗೆ, ಅವುಗಳಿಗೆ ತೊಂದರೆಯಾಗದಂತೆ ಚಿತ್ರ ತೆಗೆಯುವುದು ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬರುವವರು ಯಾರು?

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು ಯಾವ ಊರಾದರೂ ಸರಿಯೇ, ಹಿತ್ತಲಿಗೆ ಬರುವ ಹಕ್ಕಿಗಳೆಂದರೆ ಕಾಗೆ, ಪಾರಿವಾಳ, ಗೊರವಂಕ ಇಷ್ಟೇ ಎಂದು ಬಹಳ ಮಂದಿ ತಿಳಿದಿರುತ್ತಾರೆ. ಒಂದು ವಾರ ಬೆಳಿಗ್ಗೆ ಏಳರಿಂದ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿದರೆ ಈ ಪಟ್ಟಿ ತಾನಾಗಿ ಬೆಳೆಯುತ್ತದೆ.

ಜುಟ್ಟು ನೆಟ್ಟಗಿದ್ದು, ಕಣ್ಣಿನ ಹಿಂದೆ ಕೆಂಪು ಬೊಟ್ಟಿರುವುದು ಕೆಮ್ಮೀಸೆ ಪಿಕಳಾರ. ಅದರ ಸೋದರನಾದ ಇನ್ನೊಂದು ಪಿಕಳಾರದ ತಲೆ ಪೂರ್ತಿ ಕಪ್ಪು, ಬಾಲದ ಬುಡ ಕೆಂಪು, ಕೆನ್ನೆಯಲ್ಲಿ ಬಿಳುಪಿಲ್ಲ. ಕಪ್ಪು ಬಿಳುಪಿನ ಅಂಗಿ ತೊಟ್ಟು, ಬಾಲವನ್ನು ಮೇಲೆತ್ತಿಕೊಂಡು ನಸುಕಿನಲ್ಲೇ ಹಾಡುವುದು ಮಡಿವಾಳ ಹಕ್ಕಿ. ಎರಡೆಲೆಗಳನ್ನು ಜೋಡಿಸಿ ಹೊಲಿದು ಗೂಡು ಮಾಡುವ, ಗಾತ್ರ ಹೆಬ್ಬೆರಳಷ್ಟಾದರೂ ದನಿ ಇಡೀ ಬೀದಿಗೆ ಕೇಳಿಸುವ ಹಕ್ಕಿ ಸಿಂಪಿಗ. ಗುಂಪುಗುಂಪಾಗಿ ಬಂದು ಎಲೆಗಳ ಅಡಿಯಲ್ಲಿ ಹುಳು ಹುಡುಕುವ, ಕಣ್ಣಿನ ಸುತ್ತ ಬಿಳಿ ಉಂಗುರವಿರುವ ಹಳದಿ ಹಕ್ಕಿ ಬೆಳ್ಗಣ್ಣ. ಮರದ ತುದಿಯಲ್ಲಿ ಕುಳಿತು ತಾಮ್ರದ ಪಾತ್ರೆಗೆ ಸುತ್ತಿಗೆ ಬಡಿದಂತೆ 'ಟುಕ್ ಟುಕ್' ಎನ್ನುವುದು ಕಂಚುಗಾರ ಹಕ್ಕಿ. ಅದು ಕೂಗುವಾಗ ಕೊಕ್ಕು ಮುಚ್ಚಿಯೇ ಇರುತ್ತದೆ, ಗಂಟಲು ಮಾತ್ರ ಉಬ್ಬಿ ಇಳಿಯುತ್ತದೆ. ದುರ್ಬೀನಿನಲ್ಲಿ ಒಮ್ಮೆ ನೋಡಿದವರು ಮರೆಯುವುದಿಲ್ಲ.

ಸೂರಕ್ಕಿಗಳಲ್ಲಿ ನಮ್ಮ ಹಿತ್ತಲಿಗೆ ಸಾಮಾನ್ಯವಾಗಿ ಬರುವುವು ಎರಡು. ಒಂದರ ಗಂಡಿಗೆ ಹೊಟ್ಟೆ ಹಳದಿ, ಎದೆಯ ಮೇಲೆ ಕಡುಗೆಂಪು ಪಟ್ಟಿ. ಇನ್ನೊಂದರ ಗಂಡು ಮರಿ ಮಾಡುವ ಕಾಲದಲ್ಲಿ ಕಪ್ಪಾಗಿ ಕಾಣುತ್ತದೆ. ಬಿಸಿಲು ಬಿದ್ದಾಗ ಅದೇ ಕಪ್ಪು ನೇರಳೆ ನೀಲಿಯಾಗಿ ಮಿಂಚುತ್ತದೆ. ಆ ಕಾಲ ಕಳೆದ ಮೇಲೆ ಇದರ ವೇಷವೇ ಬದಲಾಗಿ, ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಕಪ್ಪು ಗೆರೆ ಮಾತ್ರ ಉಳಿದು ಮಿಕ್ಕದ್ದೆಲ್ಲ ಮಾಸಲು ಹಳದಿಯಾಗುತ್ತದೆ. ಹೊಸಬರು ಇದನ್ನು ಮೂರನೆಯದೊಂದು ಹಕ್ಕಿಯೆಂದು ಬರೆದಿಟ್ಟುಕೊಳ್ಳುವುದುಂಟು.

ಇವರೆಲ್ಲ ಊರಿನ ಕಾಯಂ ನಿವಾಸಿಗಳು. ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಅತಿಥಿಗಳು ಬರತೊಡಗುತ್ತಾರೆ. ಪೊದೆಯೊಳಗಿನಿಂದ 'ಚಕ್... ಚಕ್' ಎಂದು ನಾಲಿಗೆ ಲೊಟ್ಟೆ ಹೊಡೆದಂತೆ ಸದ್ದು ಕೇಳಿದರೆ, ಕಂದುಬಣ್ಣದ ಪುಟ್ಟ ಉಲಿಯಕ್ಕಿಯೊಂದು ಪೂರ್ವ ಯುರೋಪ್ ಅಥವಾ ಮಧ್ಯ ಏಷ್ಯಾದ ಕಡೆಯಿಂದ ನಿಮ್ಮ ದಾಸವಾಳದ ಬೇಲಿಗೆ ಬಂದು ಸೇರಿದೆ ಎಂದರ್ಥ. ಏಪ್ರಿಲ್ ವೇಳೆಗೆ ಅದು ಹಿಂದಿರುಗುತ್ತದೆ. ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿಯುವ ನವರಂಗ ಹಕ್ಕಿ ಅಕ್ಟೋಬರ್ ಸುಮಾರಿಗೆ ದಣಿದು ನಗರದ ಮನೆಗಳ ಅಂಗಳದಲ್ಲಿ, ಕೆಲವೊಮ್ಮೆ ಕೋಣೆಯೊಳಗೇ ಕಾಣಿಸಿಕೊಳ್ಳುತ್ತದೆ. ಕಾಗೆಗಳು ಅದನ್ನು ಬೆನ್ನಟ್ಟುತ್ತವೆ. ಅಂಥ ಹಕ್ಕಿ ಸಿಕ್ಕಿದರೆ ಕೈಯಲ್ಲಿ ಹಿಡಿದು ಚಿತ್ರ ತೆಗೆಸಿಕೊಳ್ಳುವುದಲ್ಲ. ಗಾಳಿಗೆ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿ ಬಿಟ್ಟು ಸುಧಾರಿಸಿಕೊಳ್ಳಲು ಅವಕಾಶ ಕೊಡಬೇಕು. ಗಾಯವಾಗಿದ್ದರೆ ಅರಣ್ಯ ಇಲಾಖೆಗೋ ವನ್ಯಜೀವಿ ರಕ್ಷಣಾ ಕೇಂದ್ರಕ್ಕೋ ತಿಳಿಸಬೇಕು.

ಕರೆಯುವ ವಿಧಾನ

ಹಕ್ಕಿಗಳನ್ನು ಕರೆಸಿಕೊಳ್ಳಲು ಅಕ್ಕಿ ಚೆಲ್ಲುವುದೇ ದಾರಿ ಎಂಬ ಭಾವನೆ ನಮ್ಮಲ್ಲಿದೆ. ಆದರೆ ನಗರದಲ್ಲಿ ಕಾಳು ಚೆಲ್ಲಿದರೆ ಮೊದಲು ಬರುವುದು ಪಾರಿವಾಳ, ಕೊನೆಗೆ ಉಳಿಯುವುದೂ ಪಾರಿವಾಳ. ಸೂರಕ್ಕಿ, ಸಿಂಪಿಗ, ಬೆಳ್ಗಣ್ಣ, ಮಡಿವಾಳ ಹಕ್ಕಿ ಇವಾವುವೂ ಕಾಳು ತಿನ್ನುವವಲ್ಲ. ಅವುಗಳಿಗೆ ಬೇಕಾದದ್ದು ಹುಳು, ಮಕರಂದ, ಸಣ್ಣ ಹಣ್ಣು, ನೀರು ಮತ್ತು ಮರೆ.

ಗಸಗಸೆ ಹಣ್ಣಿನ ಮರ ಒಂದಿದ್ದರೆ ಪಿಕಳಾರ, ಕಂಚುಗಾರ, ಬದನಿಕೆ ಹಕ್ಕಿಗಳು ವರ್ಷದ ಬಹುಭಾಗ ಬಂದುಹೋಗುತ್ತವೆ. ಬೇಗ ಬೆಳೆಯುವ ಮರವಾದ್ದರಿಂದ ಎರಡು ಮೂರು ವರ್ಷಗಳಲ್ಲೇ ಫಲ ಕಾಣಬಹುದು. ಕರಿಬೇವಿನ ಹಣ್ಣು ಕೋಗಿಲೆಗೆ ಪ್ರಿಯ. ದಾಸವಾಳ, ರತ್ನಗಂಧಿ, ಬಾಳೆಯ ಹೂವು ಸೂರಕ್ಕಿಯನ್ನು ಕರೆಯುತ್ತವೆ. ಸೀಬೆ ಮತ್ತು ಪಪ್ಪಾಯಿಯ ಒಂದೆರಡು ಹಣ್ಣುಗಳನ್ನು ಮರದಲ್ಲೇ ಬಿಟ್ಟರೆ ತಟ್ಟೆಯಲ್ಲಿಟ್ಟು ಬಡಿಸುವ ಅಗತ್ಯವಿಲ್ಲ. ಒಣಗಿದ ಕೊಂಬೆ ಯಾರ ತಲೆಯ ಮೇಲೂ ಬೀಳುವಂತಿಲ್ಲದಿದ್ದರೆ ಅದನ್ನು ಕಡಿಯದಿರುವುದೇ ಲೇಸು. ಕಂಚುಗಾರ ಹಕ್ಕಿ ಗೂಡಿನ ಪೊಟರೆ ಕೊರೆಯುವುದು ಅಂಥ ಮೆದುವಾದ ಒಣಮರದಲ್ಲೇ.

ಕೀಟನಾಶಕದ ವಿಷಯದಲ್ಲಿ ಒಂದು ಮಾತು. ಹೂವಿನ ರಸ ಕುಡಿಯುವ ಸೂರಕ್ಕಿಯೂ ತನ್ನ ಮರಿಗೆ ತಿನ್ನಿಸುವುದು ಜೇಡ ಮತ್ತು ಹುಳುಗಳನ್ನೇ. ಗುಲಾಬಿಗೆ ಸಿಂಪಡಿಸಿದ ಔಷಧ ಎರಡು ದಿನಗಳಲ್ಲಿ ಹುಳುಗಳನ್ನು ಇಲ್ಲವಾಗಿಸುತ್ತದೆ. ಮರಿಗಳಿಗೆ ಉಣ್ಣಿಸಲು ಏನೂ ಉಳಿಯುವುದಿಲ್ಲ. ಎಲೆಗಳಲ್ಲಿ ನಾಲ್ಕು ತೂತುಗಳಿರುವ ತೋಟವೇ ಹಕ್ಕಿಗಳ ತೋಟ.

ಇನ್ನು ನೀರು. ಅಗಲವಾದ ಮಣ್ಣಿನ ತಟ್ಟೆಯೊಂದು ಸಾಕು. ಆಳ ಐದು ಸೆಂಟಿಮೀಟರ್ ಮೀರಬಾರದು. ತಳ ಒರಟಾಗಿರಬೇಕು, ನುಣುಪಾದ ಸ್ಟೀಲಿನ ಪಾತ್ರೆಯಲ್ಲಿ ಹಕ್ಕಿಯ ಕಾಲು ನಿಲ್ಲುವುದಿಲ್ಲ. ನಡುವೆ ಒಂದು ಕಲ್ಲಿಟ್ಟರೆ ಸಣ್ಣ ಹಕ್ಕಿಗಳಿಗೆ ಅನುಕೂಲ. ನೀರನ್ನು ಪ್ರತಿದಿನ ಚೆಲ್ಲಿ, ತಟ್ಟೆಯನ್ನು ಉಜ್ಜಿ ತುಂಬಿಸಬೇಕು. ಇಲ್ಲವಾದರೆ ಹಕ್ಕಿಗಿಂತ ಮೊದಲು ಡೆಂಗಿ ಸೊಳ್ಳೆ ಸಂಸಾರ ಹೂಡುತ್ತದೆ. ತಟ್ಟೆಯ ಪಕ್ಕದಲ್ಲೇ ದಟ್ಟ ಪೊದೆಯಿದ್ದರೆ ಬೆಕ್ಕು ಹೊಂಚುಹಾಕಲು ಜಾಗವಾಗುತ್ತದೆ. ಪೊದೆಯಿಂದ ಎರಡು ಮೂರು ಮಾರು ದೂರದಲ್ಲಿ, ಕುಳಿತು ಸುತ್ತ ನೋಡಲು ಒಂದು ಕೊಂಬೆಯಿರುವಂತೆ ತಟ್ಟೆಯನ್ನಿಡುವುದು ಒಳ್ಳೆಯದು.

ಹಕ್ಕಿಗಳು ಹೆಚ್ಚಾದಂತೆ ಕಿಟಕಿಯ ಗಾಜಿನ ಅಪಾಯವೂ ಹೆಚ್ಚುತ್ತದೆ. ಗಾಜಿನಲ್ಲಿ ಕಾಣುವ ಮರದ ಬಿಂಬವನ್ನು ನಿಜವೆಂದು ನಂಬಿ ಹಾರಿ ಬಂದು ಢಿಕ್ಕಿ ಹೊಡೆದು ಸಾಯುವ ಹಕ್ಕಿಗಳು ಕಡಿಮೆಯಲ್ಲ. ಗಾಜಿನ ಹೊರಮೈ ಮೇಲೆ ಐದು ಸೆಂಟಿಮೀಟರ್ ಅಂತರದಲ್ಲಿ ಬಿಳಿಯ ಚುಕ್ಕೆಗಳನ್ನಿಟ್ಟರೆ ಬಿಂಬ ಒಡೆಯುತ್ತದೆ. ಒಂದೇ ಒಂದು ಸ್ಟಿಕ್ಕರ್ ಅಂಟಿಸಿದರೆ ಪ್ರಯೋಜನ ಸಾಲದು, ಹಕ್ಕಿ ಅದನ್ನು ಬಿಟ್ಟು ಪಕ್ಕದ ಜಾಗಕ್ಕೆ ಬಡಿಯುತ್ತದೆ.

ನೋಡುವ ಕಲೆ

ಕ್ಯಾಮೆರಾಕ್ಕಿಂತ ಮೊದಲು ದುರ್ಬೀನು. ಅದರ ಮೇಲೆ 8x42 ಎಂದು ಬರೆದಿದ್ದರೆ, ಹಕ್ಕಿ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಡ್ಡಳತೆ 42 ಮಿ.ಮೀ. ಎಂದರ್ಥ. ಗಾಜು ದೊಡ್ಡದಾದಷ್ಟೂ ಬೆಳಕು ಹೆಚ್ಚು. ಹಿತ್ತಲಿನ ಬಳಕೆಗೆ ಎಂಟು ಪಟ್ಟೇ ಸಾಕು. ಹನ್ನೆರಡು, ಹದಿನಾರು ಪಟ್ಟಿನವು ಕೈಯಲ್ಲಿ ನಡುಗುತ್ತವೆ. ಹಕ್ಕಿಯನ್ನು ಬರಿಗಣ್ಣಿನಿಂದ ಹಿಡಿದು, ನೋಟವನ್ನು ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರಬೇಕು. ದುರ್ಬೀನಿನಲ್ಲೇ ಹಕ್ಕಿಯನ್ನು ಹುಡುಕಹೊರಟರೆ ಸಿಗುವುದು ಎಲೆಗಳು ಮಾತ್ರ.

ಬಣ್ಣವೊಂದನ್ನೇ ನಂಬಬಾರದು. ಗಾತ್ರ ಎಷ್ಟು, ಗುಬ್ಬಿಯಷ್ಟೇ, ಗೊರವಂಕದಷ್ಟೇ, ಕಾಗೆಯಷ್ಟೇ? ಕೊಕ್ಕು ಹೇಗಿದೆ? ಬಾಲವನ್ನು ಕುಣಿಸುತ್ತದೆಯೇ? ನೆಲದ ಮೇಲೆ ನಡೆಯುತ್ತದೆಯೇ, ಕುಪ್ಪಳಿಸುತ್ತದೆಯೇ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಕನ್ನಡದ ಓದುಗರಿಗೆ ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳು ಈ ದಾರಿಯಲ್ಲಿ ದೊಡ್ಡ ಆಸರೆ. ಮೂಡಿಗೆರೆಯ ತೋಟದಲ್ಲಿದ್ದುಕೊಂಡು, ರೀಲಿನ ಕಾಲದಲ್ಲೇ ಹಕ್ಕಿಗಳ ಹಿಂದೆ ಅಲೆದು, ಚಿತ್ರ ತೆಗೆದು, ಅವುಗಳ ಬಗ್ಗೆ ಕನ್ನಡದಲ್ಲಿ ಬರೆದವರು ಅವರು. 2007ರಲ್ಲಿ ಅವರು ತೀರಿಕೊಂಡರೂ ಅವರ ಹಕ್ಕಿ ಪುಸ್ತಕಗಳನ್ನು ಹಿಡಿದು ಹಿತ್ತಲಿಗೆ ಇಳಿಯುವವರು ಇಂದಿಗೂ ಇದ್ದಾರೆ. ಸಲೀಂ ಅಲಿಯವರ ಭಾರತೀಯ ಪಕ್ಷಿಗಳ ಕೈಪಿಡಿ ಮೊದಲು ಪ್ರಕಟವಾದದ್ದು 1941ರಲ್ಲಿ. ಈಗ ದನಿ ಕೇಳಿ ಹಕ್ಕಿಯ ಹೆಸರು ಸೂಚಿಸುವ 'ಮರ್ಲಿನ್' ಎಂಬ ಉಚಿತ ಆ್ಯಪ್ ಮೊಬೈಲಿನಲ್ಲೇ ಲಭ್ಯ. ಅದು ಕೊಡುವುದು ಸೂಚನೆಯೇ ಹೊರತು ತೀರ್ಪಲ್ಲ. ಹಕ್ಕಿಯನ್ನು ಕಣ್ಣಾರೆ ಕಂಡು ತಾಳೆನೋಡುವ ಕೆಲಸ ನಮ್ಮದೇ.

ಚಿತ್ರ ತೆಗೆಯುವಾಗ

ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಮುಂತಾದ ಹಿರಿಯರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರಗಳು. ತೆಗೆದದ್ದು ಹೇಗೆ ಬಂದಿದೆಯೆಂದು ತಿಳಿಯಲು ರೀಲು ತೊಳೆಯುವವರೆಗೆ ಕಾಯಬೇಕಿತ್ತು. ಇಂದು ಒಂದು ಕ್ಷಣದಲ್ಲಿ ಇಪ್ಪತ್ತು ಚಿತ್ರ ತೆಗೆಯುವ ಯಂತ್ರಗಳಿವೆ. ಆದರೂ ಒಳ್ಳೆಯ ಚಿತ್ರದ ಗುಟ್ಟು ಬದಲಾಗಿಲ್ಲ: ಬೆಳಕು, ತಾಳ್ಮೆ, ಮತ್ತು ಹಕ್ಕಿಯ ದಿನಚರಿಯ ಪರಿಚಯ.

ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ನಾಲ್ಕೂವರೆಯಿಂದ ಆರು. ಈ ಹೊತ್ತಿನ ಬೆಳಕು ಓರೆಯಾಗಿ ಬಿದ್ದು ಹಕ್ಕಿಯ ಕಣ್ಣಿನಲ್ಲಿ ಮಿಂಚು ಕೊಡುತ್ತದೆ. ನಡುಹಗಲಿನ ಬಿಸಿಲಿನಲ್ಲಿ ಬೆನ್ನು ಬೆಳ್ಳಗಾಗಿ ಹೊಟ್ಟೆ ಕಪ್ಪಾಗುತ್ತದೆ. ಸೂರ್ಯ ನಿಮ್ಮ ಬೆನ್ನಿಗಿರಲಿ.

ಕನಿಷ್ಠ 300 ಮಿ.ಮೀ. ಲೆನ್ಸ್ ಇದ್ದರೆ ಅನುಕೂಲ, 400 ಆದರೆ ಇನ್ನೂ ಲೇಸು. ಲೆನ್ಸ್ ಬದಲಿಸಲಾಗದ, ಆದರೆ ದೂರದ ವಸ್ತುವನ್ನು ಬಹಳ ಹತ್ತಿರ ತರಬಲ್ಲ ಕ್ಯಾಮೆರಾಗಳೂ ಹಿತ್ತಲಿಗೆ ಸಾಕಾದಷ್ಟು ಒಳ್ಳೆಯವು. ಕೈಯಲ್ಲಿ ಹಿಡಿದು ತೆಗೆಯುವಾಗ ಷಟರ್ ವೇಗ ಲೆನ್ಸಿನ ಅಳತೆಗಿಂತ ಕಡಿಮೆಯಾಗಬಾರದೆಂಬುದು ಹಳೆಯ ಸೂತ್ರ: 400 ಮಿ.ಮೀ. ಲೆನ್ಸಿಗೆ ಸೆಕೆಂಡಿನ 400ನೇ ಒಂದು ಭಾಗ. ಸುಮ್ಮನೆ ಕುಳಿತ ಬೆಳವಕ್ಕೆ ಇದು ಸಾಕು. ಕ್ಷಣವೂ ನಿಲ್ಲದ ಸೂರಕ್ಕಿಗೆ 1000ನೇ ಒಂದು ಭಾಗವಾದರೂ ಬೇಕು. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಲು ಅಂಜಬಾರದು. ಕಾಳುಕಾಳಾಗಿ ಕಂಡರೂ ಹಕ್ಕಿ ಸ್ಪಷ್ಟವಾಗಿರುವ ಚಿತ್ರ, ನುಣುಪಾಗಿದ್ದು ಕದಡಿದ ಚಿತ್ರಕ್ಕಿಂತ ಮೇಲು.

ಕ್ಯಾಮೆರಾಕ್ಕೆ ಕಪ್ಪು ಬಿಳುಪಿನ ವಿವೇಕವಿಲ್ಲ. ತನ್ನ ಮುಂದಿರುವುದೆಲ್ಲವನ್ನೂ ನಡುವಣ ಬೂದು ಬಣ್ಣಕ್ಕೆ ತರಲು ಅದು ಯತ್ನಿಸುತ್ತದೆ. ಆದ್ದರಿಂದ ಬಿಳಿಯ ಆಕಾಶದೆದುರು ಕುಳಿತ ಕೋಗಿಲೆ ಬರಿಯ ನೆರಳಿನಂತೆ ಬರುತ್ತದೆ. ಅಲ್ಲಿ ಬೆಳಕನ್ನು ಒಂದು ಹಂತ ಹೆಚ್ಚಿಸಬೇಕು. ಕಡುಹಸಿರಿನ ಮುಂದೆ ನಿಂತ ಬೆಳ್ಳಕ್ಕಿಗೆ ಅರ್ಧ ಅಥವಾ ಒಂದು ಹಂತ ಇಳಿಸಬೇಕು. ಮಡಿವಾಳ ಹಕ್ಕಿಯಲ್ಲಿ ಎರಡೂ ಬಣ್ಣಗಳಿರುವುದರಿಂದ ಮೋಡದ ದಿನದ ಮೃದುವಾದ ಬೆಳಕಿನಲ್ಲೇ ಅದರ ಚಿತ್ರ ಚೆನ್ನ. ಫೋಕಸ್ ಯಾವಾಗಲೂ ಕಣ್ಣಿನ ಮೇಲಿರಲಿ. ಬಾಲ ಮಸುಕಾದರೂ ಚಿತ್ರ ಉಳಿಯುತ್ತದೆ, ಕಣ್ಣು ಮಸುಕಾದರೆ ಉಳಿಯುವುದಿಲ್ಲ.

ಹಿತ್ತಲಿನವರಿಗೆ ಇರುವ ದೊಡ್ಡ ಅನುಕೂಲ ಮನೆಯೇ. ಅಡುಗೆಮನೆಯ ಕಿಟಕಿಗಿಂತ ಒಳ್ಳೆಯ ಅಡಗುತಾಣ ಯಾವ ಅಭಯಾರಣ್ಯದಲ್ಲೂ ಸಿಗದು. ಒಳಗಿನ ದೀಪ ಆರಿಸಿ, ಪರದೆಯ ಸಂದಿನಿಂದ ಲೆನ್ಸಿನ ಮೂತಿಯನ್ನಷ್ಟೇ ಹೊರಗಿಟ್ಟು ಕುಳಿತರೆ ಹಕ್ಕಿಗೆ ನೀವು ಕಾಣುವುದಿಲ್ಲ. ಕುಕ್ಕರ್ ಕೂಗುವ ಸದ್ದಿಗೆ ಅವು ಆಗಲೇ ಒಗ್ಗಿರುತ್ತವೆ, ಹೆದರುವುದು ತಮ್ಮತ್ತ ನಡೆದು ಬರುವ ಮನುಷ್ಯನ ಆಕೃತಿಗೆ. ನೀರಿನ ತಟ್ಟೆಯ ಹತ್ತಿರ ಒಂದು ಒಣಕೊಂಬೆಯನ್ನು ನೆಟ್ಟು, ಹಿನ್ನೆಲೆಯ ಗಿಡಗಳು ಅದರಿಂದ ಹತ್ತು ಹದಿನೈದು ಅಡಿ ಹಿಂದಿರುವಂತೆ ನೋಡಿಕೊಂಡರೆ, ನೀರಿಗಿಳಿಯುವ ಮುನ್ನ ಹಕ್ಕಿ ಆ ಕೊಂಬೆಯ ಮೇಲೆ ಕುಳಿತುಕೊಳ್ಳುತ್ತದೆ. ನಾವು ಹಕ್ಕಿಯ ಬಳಿಗೆ ಹೋಗಬೇಕಾಗಿಲ್ಲ.

ಮೊಬೈಲಿನಲ್ಲಿ ಹಕ್ಕಿಯ ದನಿಯನ್ನು ಹಾಕಿ ಕರೆಯುವ ಅಭ್ಯಾಸವೊಂದು ಹಬ್ಬುತ್ತಿದೆ. ಆ ದನಿಯನ್ನು ಕೇಳಿದ ಗಂಡುಹಕ್ಕಿ ತನ್ನ ಸೀಮೆಗೆ ವೈರಿ ನುಗ್ಗಿದನೆಂದು ಭಾವಿಸಿ ಧಾವಿಸುತ್ತದೆ. ಇಲ್ಲದ ವೈರಿಯೊಂದಿಗೆ ಹೋರಾಡಿ ದಣಿಯುತ್ತದೆ, ಆ ಹೊತ್ತಿನಲ್ಲಿ ಮೇವೂ ಇಲ್ಲ, ಗೂಡಿನ ಕಾವಲೂ ಇಲ್ಲ. ಚಿತ್ರವೊಂದಕ್ಕಾಗಿ ಇಷ್ಟು ಬೆಲೆಯನ್ನು ಅದರಿಂದ ವಸೂಲು ಮಾಡುವ ಹಕ್ಕು ನಮಗಿಲ್ಲ.

ಗೂಡಿನ ಬಳಿ ಕ್ಯಾಮೆರಾ ಬೇಡ

ಹಳೆಯ ಕಾಲದ ಪಕ್ಷಿ ಛಾಯಾಗ್ರಹಣದಲ್ಲಿ ಗೂಡಿನ ಚಿತ್ರಗಳಿಗೆ ದೊಡ್ಡ ಸ್ಥಾನವಿತ್ತು. ರೀಲುಗಳಿಗೆ ಹೆಚ್ಚು ಬೆಳಕು ಬೇಕಿತ್ತು, ಲೆನ್ಸುಗಳು ದೂರವನ್ನು ಹಿಡಿಯುತ್ತಿರಲಿಲ್ಲ, ಹಕ್ಕಿ ಮತ್ತೆ ಮತ್ತೆ ಬರುವುದು ಖಚಿತವಿದ್ದ ಜಾಗ ಗೂಡೊಂದೇ. ಇಂದು ಆ ಕಾರಣಗಳೊಂದೂ ಉಳಿದಿಲ್ಲ. ಅನೇಕ ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಆದರೂ ಮೊಬೈಲ್ ಹಿಡಿದ ಪ್ರತಿಯೊಬ್ಬರಿಗೂ ಗೂಡು ಕಂಡೊಡನೆ ಕೈ ತುರಿಸುತ್ತದೆ. ನನಗೂ ತುರಿಸಿತ್ತು.

ಗೂಡಿನ ಬಳಿ ನಾವು ಹೋದಾಗ ಏನಾಗುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ಕಾವು ಕೂತ ಹಕ್ಕಿ ಎದ್ದುಹೋಗುತ್ತದೆ. ಮೊಟ್ಟೆ ಅಥವಾ ಗರಿ ಮೂಡದ ಮರಿ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಚಳಿಗೆ ಮರಗಟ್ಟುತ್ತದೆ. ಮರೆಯಾಗಿದ್ದ ಎಲೆಗಳನ್ನು ಸರಿಸಿದರೆ ಗೂಡು ಮೇಲಿನಿಂದ ಬಯಲಾಗುತ್ತದೆ. ಕಾಗೆ, ಮಟಪಕ್ಷಿ, ಕೆಂಬೂತಗಳು ಜಾಣ ಹಕ್ಕಿಗಳು. ತಾಯಿಹಕ್ಕಿಯ ಗಾಬರಿಯ ಕೂಗು ಮತ್ತು ಮನುಷ್ಯನ ಓಡಾಟ ಎರಡೂ ಸೇರಿ ಅವುಗಳಿಗೆ ವಿಳಾಸ ಬರೆದುಕೊಟ್ಟಂತಾಗುತ್ತದೆ. ಮರಿಗಳು ಬೆಳೆದಿದ್ದರೆ ಇನ್ನೊಂದು ಅಪಾಯ. ಹೆದರಿದ ಮರಿಗಳು ರೆಕ್ಕೆ ಬಲಿಯುವ ಮೊದಲೇ ಗೂಡಿನಿಂದ ಜಿಗಿದುಬಿಡುತ್ತವೆ.

ಇದು ಕರುಣೆಯ ಮಾತು ಮಾತ್ರವಲ್ಲ, ಕಾನೂನಿನ ಮಾತೂ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಬೇಟೆ' ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ, ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡಿಗೆ ಭಂಗ ತರುವುದು ಸಹ ಸೇರಿದೆ. ಕಾಯ್ದೆಯ ಅನುಸೂಚಿಗಳಲ್ಲಿರುವ ಹಕ್ಕಿಗಳಿಗೆ ಈ ರಕ್ಷಣೆ ಉಂಟು. ಅವು ಕಾಡಿನಲ್ಲಿರಲಿ, ನಮ್ಮ ಕಾಂಪೌಂಡಿನೊಳಗಿರಲಿ, ಕಾಯ್ದೆಗೆ ಒಂದೇ. ಮನೆ ನಮ್ಮ ಹೆಸರಿನಲ್ಲಿರಬಹುದು, ಗೂಡು ನಮ್ಮ ಹೆಸರಿನಲ್ಲಿಲ್ಲ.

ಗೂಡೊಂದು ಕಂಡರೆ ಏನು ಮಾಡಬೇಕು? ಮೊದಲನೆಯದಾಗಿ, ಆ ಗಿಡಕ್ಕೆ ಕತ್ತರಿ ಹಾಕಬಾರದು. ಎರಡನೆಯದಾಗಿ, ನೀರು ಹಾಕುವ, ಬಟ್ಟೆ ಒಣಗಿಸುವ ನಿತ್ಯದ ಕೆಲಸವನ್ನು ಎಂದಿನಂತೆ ಮಾಡಿ ಮುಂದೆ ಸಾಗಬೇಕು, ನಿಂತು ಇಣುಕಬಾರದು. ಮನುಷ್ಯರ ಓಡಾಟವಿರುವ ಜಾಗವನ್ನು ಹಕ್ಕಿ ನೋಡಿಯೇ ಆರಿಸಿಕೊಂಡಿರುತ್ತದೆ. ಸೂರಕ್ಕಿ ಎಷ್ಟೋ ಬಾರಿ ಬಾಗಿಲೆದುರಿನ ತಂತಿಗೇ ಗೂಡು ತೂಗುಹಾಕುತ್ತದೆ. ಮೂರನೆಯದಾಗಿ, ನೋಡುವ ಆಸೆಯಿದ್ದರೆ ಕಿಟಕಿಯಿಂದ, ದುರ್ಬೀನಿನಿಂದ ನೋಡಬೇಕು. ಹಕ್ಕಿ ಬಾಯಲ್ಲಿ ಹುಳು ಹಿಡಿದು ಗೂಡಿಗೆ ಹೋಗದೆ ತಂತಿಯ ಮೇಲೆ ಕುಳಿತು ಕೂಗುತ್ತಿದ್ದರೆ, ನೀವು ಇನ್ನೂ ಹಿಂದೆ ಸರಿಯಬೇಕು ಎಂಬುದು ಅದರ ಭಾಷೆ.

ನೆಲದ ಮೇಲೆ ಗರಿ ಮೂಡಿದ ಮರಿ ಕುಪ್ಪಳಿಸುತ್ತಿದ್ದರೆ ಅದು ಅನಾಥವೆಂದು ಒಳಗೆ ತರಬಾರದು. ಬಹುತೇಕ ಹಕ್ಕಿಗಳು ಪೂರ್ತಿ ಹಾರಲು ಕಲಿಯುವ ಮೊದಲೇ ಗೂಡು ಬಿಡುತ್ತವೆ, ತಂದೆತಾಯಿ ಹತ್ತಿರದಲ್ಲೇ ಇದ್ದು ತಿನ್ನಿಸುತ್ತಿರುತ್ತವೆ. ಬೆಕ್ಕಿನ ಭಯವಿದ್ದರೆ ಮರಿಯನ್ನು ಎತ್ತಿ ಪೊದೆಯ ಮೇಲಿಟ್ಟು ದೂರ ಬಂದರೆ ಸಾಕು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಬರಿಯ ನಂಬಿಕೆ.

ನಿಮ್ಮ ಪಟ್ಟಿಗೂ ಬೆಲೆಯಿದೆ

ಹಿತ್ತಲಿನಲ್ಲಿ ಕಂಡ ಹತ್ತು ಹಕ್ಕಿಗಳ ಪಟ್ಟಿಯಿಂದ ಯಾರಿಗೇನು ಪ್ರಯೋಜನ ಎನ್ನಬಹುದು. 2023ರಲ್ಲಿ ಪ್ರಕಟವಾದ 'ಭಾರತದ ಪಕ್ಷಿಗಳ ಸ್ಥಿತಿಗತಿ' ವರದಿ ಸಿದ್ಧವಾದದ್ದು ಸುಮಾರು 30,000 ಹವ್ಯಾಸಿಗಳು 'ಇ-ಬರ್ಡ್' ತಾಣಕ್ಕೆ ಸೇರಿಸಿದ ಮೂರು ಕೋಟಿ ದಾಖಲೆಗಳಿಂದ. ಒಟ್ಟು 942 ಪ್ರಭೇದಗಳನ್ನು ಅದು ಪರಿಶೀಲಿಸಿತು. ದೀರ್ಘಕಾಲದ ಏರಿಳಿತವನ್ನು ಲೆಕ್ಕ ಹಾಕಲು ಸಾಧ್ಯವಾದ 338 ಪ್ರಭೇದಗಳ ಪೈಕಿ 204 ಕುಸಿದಿವೆ ಎಂದು ಕಂಡುಬಂತು. ಪಾರಿವಾಳ, ಕೋಗಿಲೆ, ನವಿಲುಗಳಂಥವು ಹೆಚ್ಚಿವೆ. ಗುಬ್ಬಚ್ಚಿಯ ಬಗ್ಗೆ ನಮಗಿದ್ದ ಆತಂಕಕ್ಕೂ ಇಂಥ ಪಟ್ಟಿಗಳೇ ಉತ್ತರ ಕೊಟ್ಟಿವೆ. 2020ರ ವರದಿಯ ಪ್ರಕಾರ ದೇಶದ ಒಟ್ಟಾರೆ ಲೆಕ್ಕದಲ್ಲಿ ಗುಬ್ಬಚ್ಚಿ ಹೆಚ್ಚುಕಡಿಮೆ ಸ್ಥಿರವಾಗಿದೆ, ಆದರೆ ಬೆಂಗಳೂರೂ ಸೇರಿದಂತೆ ಮಹಾನಗರಗಳಲ್ಲಿ ಕಡಿಮೆಯಾಗಿದೆ.

ಇಲ್ಲಿ ಅಪರೂಪದ ಹಕ್ಕಿಗಿಂತ ಮುಖ್ಯವಾದದ್ದು ನಿಯಮಿತವಾದ ದಾಖಲೆ. ಹದಿನೈದು ನಿಮಿಷ ನಿಂತು, ಕಂಡ ಹಾಗೂ ಕೇಳಿದ ಎಲ್ಲ ಹಕ್ಕಿಗಳನ್ನು, ಕಾಗೆಯನ್ನೂ ಬಿಡದೆ, ಎಣಿಸಿ ಬರೆದರೆ ಅದೊಂದು ಪೂರ್ಣ ಪಟ್ಟಿ. ಯಾವ ಹಕ್ಕಿ ಕಾಣಲಿಲ್ಲ ಎಂಬುದೂ ಅದರಿಂದ ತಿಳಿಯುತ್ತದೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲಿನ ಹಕ್ಕಿ ಗಣತಿಯಲ್ಲಿ ಭಾರತದ ಹವ್ಯಾಸಿಗಳು 2013ರಿಂದ ಭಾಗವಹಿಸುತ್ತಿದ್ದಾರೆ. ಮಕ್ಕಳೊಂದಿಗೆ ಆರಂಭಿಸಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಚಿತ್ರಕ್ಕೂ ಇಲ್ಲಿ ಬೆಲೆಯುಂಟು. ಬಹುಮಾನ ಬರದ, ಮಸುಕಾದ ಚಿತ್ರವೇ ಆದರೂ ದಿನಾಂಕ ಮತ್ತು ಸ್ಥಳ ಸರಿಯಾಗಿದ್ದರೆ ಅದು ಸಾಕ್ಷಿ.

ಮತ್ತೆ ಆ ದಾಸವಾಳ

ಮೊಟ್ಟೆ ಕಳೆದುಕೊಂಡ ಪಿಕಳಾರಗಳು ನಮ್ಮ ಹಿತ್ತಲನ್ನು ಬಿಟ್ಟುಹೋದವೆಂದೇ ನಾನು ತಿಳಿದಿದ್ದೆ. ಏಪ್ರಿಲ್ ಕೊನೆಯ ವಾರ, ಕಾಂಪೌಂಡಿನ ಇನ್ನೊಂದು ಮೂಲೆಯ ಮಲ್ಲಿಗೆಯ ಚಪ್ಪರಕ್ಕೆ ಜುಟ್ಟಿನ ಹಕ್ಕಿಯೊಂದು ನಾರು ಹೊತ್ತೊಯ್ಯುವುದು ಅಡುಗೆಮನೆಯ ಕಿಟಕಿಯಿಂದ ಕಂಡಿತು. ಅದೇ ಜೋಡಿಯೋ ಬೇರೆಯೋ ಹೇಳಲಾರೆ. ಈ ಬಾರಿ ನಾನು ಚಪ್ಪರದ ಕೆಳಗೆ ಹೋಗಲಿಲ್ಲ. ಮನೆಯವರು ಮೂರು ವಾರ ಮಲ್ಲಿಗೆ ಬಿಡಿಸಲಿಲ್ಲ. ಮೇ ತಿಂಗಳ ಮಧ್ಯದಲ್ಲಿ, ಮಳೆ ನಿಂತ ಒಂದು ಬೆಳಿಗ್ಗೆ, ಬಾಲವಿನ್ನೂ ಬೆಳೆಯದ ಎರಡು ಮರಿಗಳು ಬಟ್ಟೆಯ ತಂತಿಯ ಮೇಲೆ ಒತ್ತಾಗಿ ಕುಳಿತಿದ್ದವು. ಕೆನ್ನೆಯ ಕೆಂಪು ಬೊಟ್ಟು ಅವಕ್ಕಿನ್ನೂ ಬಂದಿರಲಿಲ್ಲ.

ಕ್ಯಾಮೆರಾ ಮೇಜಿನ ಮೇಲೇ ಇತ್ತು. ಕಿಟಕಿಯ ಸಂದಿನಿಂದ ಒಂದೇ ಒಂದು ಚಿತ್ರ ತೆಗೆದೆ. ಹಿನ್ನೆಲೆಯಲ್ಲಿ ಒಣಹಾಕಿದ ಪಂಚೆಯೊಂದು ಅಡ್ಡ ಬಂದಿದೆ, ಒಂದು ಮರಿಯ ಮುಖ ಅತ್ತ ತಿರುಗಿದೆ. ಯಾವ ಸ್ಪರ್ಧೆಗೂ ಕಳುಹಿಸುವಂಥದ್ದಲ್ಲ. ನಮ್ಮ ನಡುಮನೆಯ ಗೋಡೆಯ ಮೇಲಿರುವ ಹಕ್ಕಿಯ ಚಿತ್ರ ಅದೊಂದೇ.